ಪಾಸ್‌ಪೋರ್ಟ್ ಆಮೇಲೆ ಕೇಳಿ, ಮೊದಲು ದೂರು ಬರೆದುಕೊಳ್ಳಿ: ಗೃಹ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರಾದ ಡಾ. ಜಿ. ಪರಮೇಶ್ವರ ಅವರಿಗೆ ನಮಸ್ಕಾರಗಳು.

ಕೇಳುವುದು ಒಂದೇ, ಮೊದಲೇ ಹೇಳಿಬಿಡುತ್ತೇವೆ. ಆಫ್ರಿಕಾದಿಂದ ಬಂದ ವಿದ್ಯಾರ್ಥಿಯೋ ವ್ಯಾಪಾರಿಯೋ ಏಟು ತಿಂದು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದರೆ ಮೊದಲು ಅವರ ದೂರು ಬರೆದುಕೊಳ್ಳಬೇಕು. ಪಾಸ್‌ಪೋರ್ಟು, ವೀಸಾ ಎಲ್ಲ ಆಮೇಲೆ. ಇದನ್ನು ಪತ್ರಿಕಾಗೋಷ್ಠಿಯ ಬಾಯಿಮಾತಿನಲ್ಲಿ ಹೇಳಿ ಕೈತೊಳೆದುಕೊಳ್ಳಬೇಡಿ. ರಾಜ್ಯದ ಎಲ್ಲ ಠಾಣೆಗಳಿಗೆ ಲಿಖಿತ ಸುತ್ತೋಲೆಯಾಗಿ ಹೊರಡಿಸಿ.

ಇದಕ್ಕೆ ಹೊಸ ಕಾನೂನು ಬೇಕಿಲ್ಲ ಎಂಬುದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ಇರುವುದನ್ನೇ ಯಾರೂ ಪಾಲಿಸುತ್ತಿಲ್ಲ, ಅಷ್ಟೇ.

2016ರ ಜನವರಿ 31, ಭಾನುವಾರ ರಾತ್ರಿಯನ್ನು ನೆನಪಿಸಬೇಕಾಗಿದೆ. ಅಂದೂ ಗೃಹ ಖಾತೆ ನಿಮ್ಮ ಕೈಯಲ್ಲೇ ಇತ್ತು. ಹೆಸರಘಟ್ಟ ರಸ್ತೆ, ಸೋಲದೇವನಹಳ್ಳಿ ಠಾಣೆಯ ಸರಹದ್ದು. ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಗುದ್ದಿ ಒಬ್ಬ ಮಹಿಳೆ ತೀರಿಕೊಂಡರು. ಆ ಸಾವಿಗೆ ಅವನನ್ನು ಕಾನೂನು ಹಿಡಿದು ಕೇಳಬೇಕು, ಅದರಲ್ಲಿ ತಕರಾರಿಲ್ಲ. ಸುಮಾರು ಅರ್ಧ ಗಂಟೆಯ ನಂತರ ಅದೇ ಜಾಗಕ್ಕೆ ಇನ್ನೊಂದು ಕಾರು ಬಂತು. ಅದರಲ್ಲಿ ಇದ್ದದ್ದು ತಾಂಜಾನಿಯಾದ 21 ವರ್ಷದ ವಿದ್ಯಾರ್ಥಿನಿ ಮತ್ತು ಆಕೆಯ ಗೆಳೆಯರು. ಅಪಘಾತಕ್ಕೂ ಅವರಿಗೂ ಏನೇನೂ ಸಂಬಂಧವಿರಲಿಲ್ಲ. ಸುಡಾನಿಗೂ ತಾಂಜಾನಿಯಾಕ್ಕೂ ಗಡಿ ಕೂಡ ತಾಗುವುದಿಲ್ಲ. ಸುಡಾನಿನವರ ಮಾತು ಅರಬ್ಬಿ, ತಾಂಜಾನಿಯಾದವರದು ಸ್ವಾಹಿಲಿ. ಆದರೆ ಗುಂಪು ಭೂಪಟ ನೋಡಲಿಲ್ಲ, ಚರ್ಮದ ಬಣ್ಣ ನೋಡಿತು. ಕಾರಿನಿಂದ ಎಳೆದು ಹೊಡೆದರು. ಹುಡುಗಿಯ ಮೇಲುಡುಪು ಹರಿದರು. ಆಕೆಗೆ ತನ್ನ ಅಂಗಿ ಕೊಡಲು ಬಂದವನಿಗೂ ಏಟು ಬಿತ್ತು. ಬಸ್ ಹತ್ತಿ ತಪ್ಪಿಸಿಕೊಳ್ಳಲು ನೋಡಿದರೆ ಒಳಗಿದ್ದ ಪ್ರಯಾಣಿಕರು ಹೊರಕ್ಕೆ ತಳ್ಳಿದರು. ಕಾರಿಗೆ ಬೆಂಕಿ ಇಟ್ಟರು.

ಇಷ್ಟನ್ನು ಮಾಡಿದ್ದು ಗುಂಪು. ಮುಂದಿನದು ನಿಮ್ಮ ಇಲಾಖೆಯದು. ದೂರು ಕೊಡಲು ಹೋದರೆ ಪೊಲೀಸರು ಬರೆದುಕೊಳ್ಳಲಿಲ್ಲ, ಮೊದಲು ಆ ಸುಡಾನಿನವನನ್ನು ಕರೆದುಕೊಂಡು ಬಾ ಎಂದರು ಎಂಬುದು ಸಂತ್ರಸ್ತೆಯ ಕಡೆಯವರ ಆರೋಪ. ಭಾನುವಾರ ರಾತ್ರಿಯ ಘಟನೆಗೆ ಎಫ್‌ಐಆರ್ ಆದದ್ದು ಬುಧವಾರ, ಫೆಬ್ರುವರಿ 3ರಂದು, ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆ. ಠಾಣೆಯಲ್ಲಿ ಒಂದು ಹಾಳೆಯಲ್ಲಿ ಮುಗಿಯಬೇಕಿದ್ದ ಕೆಲಸಕ್ಕೆ ದೆಹಲಿಯಲ್ಲಿ ತಾಂಜಾನಿಯಾ ಹೈಕಮಿಷನ್ ವಿದೇಶಾಂಗ ಸಚಿವಾಲಯದ ಬಾಗಿಲು ತಟ್ಟಬೇಕಾಯಿತು. ಅಂದಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಅವರು ಮುಖ್ಯಮಂತ್ರಿ ಸಿದ್ದರಾಮಯ್ಯನವರ ಜೊತೆ ಮಾತನಾಡಬೇಕಾಯಿತು. ಹೈಕಮಿಷನರ್ ಜಾನ್ ಕಿಜಾಜಿ ಅವರೇ ಖುದ್ದಾಗಿ ಬೆಂಗಳೂರಿಗೆ ಬರಬೇಕಾಯಿತು. ಅಷ್ಟಾದ ಮೇಲೆ ಬಂಧನಗಳಾದವು, ಇನ್‌ಸ್ಪೆಕ್ಟರ್ ಸೇರಿದಂತೆ ಕೆಲವು ಪೊಲೀಸರ ಅಮಾನತಾಯಿತು.

ನೀವು ಆಗ ಏನೆಂದಿರಿ? ಇದು ಜನಾಂಗೀಯ ದಾಳಿ ಅಲ್ಲ, ಹಿಂದೆ ನಡೆದ ಅಪಘಾತಕ್ಕೆ ಪ್ರತಿಕ್ರಿಯೆ ಎಂದಿರಿ. ಯಾವ ಲೆಕ್ಕದ ಪ್ರತಿಕ್ರಿಯೆ ಸ್ವಾಮಿ? ಹಾಸನದವನೊಬ್ಬ ಮುಂಬೈಯಲ್ಲಿ ಯಾರಿಗೋ ಕಾರು ಗುದ್ದಿಸಿದ ಎಂದು ಅರ್ಧ ಗಂಟೆ ಬಿಟ್ಟು ಆ ದಾರಿಯಲ್ಲಿ ಬಂದ ಬೀದರಿನ ಹುಡುಗಿಯ ಬಟ್ಟೆ ಹರಿದರೆ, ಅದನ್ನೂ ಅಪಘಾತಕ್ಕೆ ಪ್ರತಿಕ್ರಿಯೆ ಎಂದು ವಿಧಾನಸೌಧದ ಮೆಟ್ಟಿಲ ಮೇಲೆ ನಿಂತು ಹೇಳುತ್ತಿದ್ದಿರಾ?

ಹತ್ತು ವರ್ಷ ತುಂಬುತ್ತಾ ಬಂತು. ಖಾತೆ ಮತ್ತೆ ನಿಮ್ಮದೇ. ಅದಕ್ಕೇ ಈ ಪತ್ರ ನಿಮಗೆ.

ಠಾಣೆಯಲ್ಲಿ ಕೆಲಸ ಕೆಡುವುದು ಎಲ್ಲಿ ಎಂದು ಸ್ವಲ್ಪ ಬಿಡಿಸಿ ಹೇಳಬೇಕು. ಆಫ್ರಿಕಾದವನೊಬ್ಬ ದೂರು ಹಿಡಿದು ಬಂದರೆ ಮೊದಲ ಪ್ರಶ್ನೆ ಏನಾಯಿತು ಎಂಬುದಲ್ಲ, ಪಾಸ್‌ಪೋರ್ಟ್ ಎಲ್ಲಿ ಎಂಬುದು. ವೀಸಾ ಅವಧಿ ಮುಗಿದಿದ್ದರೆ ಕತೆ ಅಲ್ಲಿಗೇ ತಿರುಗುತ್ತದೆ. ಏಟು ತಿಂದವನು ಆರೋಪಿಯಾಗುತ್ತಾನೆ. 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲಿ ವೀಸಾ ಮೀರಿ ಉಳಿದರೆ 3 ವರ್ಷದವರೆಗೆ ಸೆರೆ, 3 ಲಕ್ಷ ರೂಪಾಯಿವರೆಗೆ ದಂಡ. ಆಮೇಲೆ ನೆಲಮಂಗಲದ ಹತ್ತಿರದ ಸೊಂಡೆಕೊಪ್ಪದಲ್ಲಿ ವಿದೇಶಿಯರನ್ನು ಕೂಡಿಡುವ ಕೇಂದ್ರ, ಗಡೀಪಾರು. ಇದು ತಿಳಿದವನು ತಲೆ ಒಡೆದರೂ ಠಾಣೆಯ ಕಡೆ ತಲೆ ಹಾಕುವುದಿಲ್ಲ. ಇದು ತಿಳಿದ ಪುಂಡನಿಗೆ ಅದೇ ಲೈಸೆನ್ಸು. ವೀಸಾ ಮೀರಿದವರ ಮೇಲೆ ಕ್ರಮ ಬೇಡ ಎನ್ನುತ್ತಿಲ್ಲ. ಅದಕ್ಕೆ ವಿದೇಶಿಯರ ನೋಂದಣಿ ಕಚೇರಿ ಇದೆ, ಅದರ ಕೆಲಸ ಅದು ಮಾಡಲಿ. ತಲೆಗೆ ಹೊಲಿಗೆ ಹಾಕಿಸಿಕೊಂಡು ಬಂದವನ ದೂರು ಬೇರೆ, ಅವನ ವೀಸಾ ಬೇರೆ. ಮೊದಲನೆಯದನ್ನು ಮೊದಲು ಬರೆಯಿರಿ.

ಘಟನೆ ನಮ್ಮ ಠಾಣೆಯ ವ್ಯಾಪ್ತಿಯಲ್ಲಿ ನಡೆದಿಲ್ಲ ಎಂಬ ನೆಪ ಈಗ ನಡೆಯುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಬಾಯಲ್ಲಿ ಹೇಳಿದರೂ ಆಯಿತು, ಮೊಬೈಲಿನಲ್ಲಿ ಕಳಿಸಿದರೂ ಆಯಿತು. ಹಾಗೆ ಕಳಿಸಿದರೆ 3 ದಿನದೊಳಗೆ ಸಹಿ ಹಾಕಬೇಕು. ಪ್ರತಿಯನ್ನು ಪುಕ್ಕಟೆ ಕೊಡಬೇಕು. ಹೆಣ್ಣುಮಗಳ ಬಟ್ಟೆ ಹರಿದ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಅಂಥ ದೂರನ್ನು ಬರೆಯದ ಅಧಿಕಾರಿಗೆ ಭಾರತೀಯ ನ್ಯಾಯ ಸಂಹಿತೆಯ 199ನೇ ಸೆಕ್ಷನ್ನಿನಲ್ಲಿ 6 ತಿಂಗಳಿಂದ 2 ವರ್ಷದವರೆಗೆ ಕಠಿಣ ಸಜೆ. ಅವರ ಮೇಲೆ ಮೊಕದ್ದಮೆ ಹೂಡಲು ಸರ್ಕಾರದ ಪೂರ್ವಾನುಮತಿಯೂ ಬೇಡ. 2016ರಲ್ಲಿ ಇದೇ ಅಪರಾಧ ಐಪಿಸಿಯ 166ಎ ಆಗಿ ಇತ್ತು. ಅಮಾನತು ಎಂದರೆ ಅರ್ಧ ಸಂಬಳದ ರಜೆ. ಕಾನೂನು ಹೇಳುವುದು ಸಜೆ. ಎರಡರ ನಡುವಿನ ಅಂತರ ನಿಮಗೆ ವಿವರಿಸಬೇಕಿಲ್ಲ. ಇವರು ಭಾರತದ ಪ್ರಜೆಗಳಲ್ಲ ಎಂಬ ಮಾತೂ ನಿಲ್ಲದು. ಸಂವಿಧಾನದ 14 ಮತ್ತು 21ನೇ ವಿಧಿಗಳು ಪ್ರಜೆ ಎನ್ನುವುದಿಲ್ಲ, ವ್ಯಕ್ತಿ ಎನ್ನುತ್ತವೆ.

ಎರಡನೇ ಎಡವಟ್ಟು ಭಾಷೆಯದು. ಕಾಂಗೋ, ಐವರಿ ಕೋಸ್ಟ್‌ನವರು ಫ್ರೆಂಚ್ ಆಡುತ್ತಾರೆ, ಅಂಗೋಲಾದವರು ಪೋರ್ಚುಗೀಸ್. ಠಾಣೆಯ ರೈಟರ್ ಅರ್ಥವಾದಷ್ಟನ್ನು ಕನ್ನಡದಲ್ಲಿ ಗೀಚಿ, ಓದಲು ಬಾರದವನಿಂದ ಸಹಿ ಹಾಕಿಸಿಕೊಳ್ಳುತ್ತಾರೆ. ಆರು ತಿಂಗಳ ಮೇಲೆ ಕೋರ್ಟಿನಲ್ಲಿ ಅವನು ಹೇಳುವುದಕ್ಕೂ ಹಾಳೆಯಲ್ಲಿರುವುದಕ್ಕೂ ತಾಳೆಯಾಗುವುದಿಲ್ಲ. ಆರೋಪಿ ಪರ ವಕೀಲರಿಗೆ ಇನ್ನೇನು ಬೇಕು? ನಗರದ ವಿಶ್ವವಿದ್ಯಾಲಯಗಳಲ್ಲಿ ವಿದೇಶಿ ಭಾಷೆ ಕಲಿಸುವವರಿದ್ದಾರೆ. ಅವರಲ್ಲಿ ಒಪ್ಪಿದವರ ಫೋನ್ ನಂಬರುಗಳ ಪಟ್ಟಿ ಕಂಟ್ರೋಲ್ ರೂಮಿನಲ್ಲಿ ಇರಲಿ. ಸ್ಪೀಕರ್ ಹಾಕಿ ಮಾತಾಡಿಸಲಿ, ಬರೆದದ್ದನ್ನು ವಾಪಸ್ಸು ಓದಿ ಹೇಳಿಸಲಿ, ಅನುವಾದ ಮಾಡಿದವರು ಯಾರೆಂದು ಕೆಳಗೆ ಒಂದು ಸಾಲು ಬರೆಯಲಿ. ಹತ್ತು ನಿಮಿಷದ ಕೆಲಸ.

ಮೂರನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ. ವಿದ್ಯಾರ್ಥಿಯ ವೀಸಾ ಕೋರ್ಸಿನ ಜೊತೆಗೇ ಮುಗಿಯುತ್ತದೆ, ಮೊಕದ್ದಮೆ ಮುಗಿಯುವುದಿಲ್ಲ. ಸಾಕ್ಷಿ ಹೇಳಬೇಕಾದವರು ಸಾವಿರಾರು ಮೈಲಿ ದೂರ ಹೋಗಿರುತ್ತಾರೆ, ಪ್ರಕರಣ ಬಿದ್ದುಹೋಗುತ್ತದೆ. ಇದಕ್ಕೆ ಪರಿಹಾರ ಅದೇ ನಾಗರಿಕ ಸುರಕ್ಷಾ ಸಂಹಿತೆಯಲ್ಲಿದೆ. 183ನೇ ಸೆಕ್ಷನ್ನಿನಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆಯನ್ನು ಬೇಗ ಕೊಡಿಸಿ, 530ನೇ ಸೆಕ್ಷನ್ನಿನ ಪ್ರಕಾರ ವಿಡಿಯೋ ಮೂಲಕ ಸಾಕ್ಷಿ ಪಡೆಯಿರಿ. ಇವೆಲ್ಲಕ್ಕೂ ಮೊದಲು ಎಫ್‌ಐಆರ್ ನಂಬರು ಬೇಕು. ಮತ್ತೆ ಅಲ್ಲಿಗೇ ಬಂದೆವು: ದೂರು ಬರೆದುಕೊಳ್ಳಿ.

ಬರೆದುಕೊಳ್ಳದಿದ್ದರೆ ಆಗುವುದೇನು ಎಂಬುದನ್ನು ಅವರ ಸರ್ಕಾರಗಳು ಈಗಾಗಲೇ ತೋರಿಸಿವೆ. 2016ರ ಮೇ ತಿಂಗಳಲ್ಲಿ ದೆಹಲಿಯ ವಸಂತಕುಂಜ್‌ನಲ್ಲಿ ಕಾಂಗೋದ ಯುವಕನನ್ನು ಹೊಡೆದು ಕೊಂದರು. ಆಫ್ರಿಕಾದ ರಾಯಭಾರಿಗಳೆಲ್ಲ ಸೇರಿ ಆಫ್ರಿಕಾ ದಿನಾಚರಣೆ ಮುಂದೂಡಿ ಎಂದರು. ಸುರಕ್ಷತೆಯ ಖಾತ್ರಿ ಸಿಗುವವರೆಗೆ ಹೊಸ ವಿದ್ಯಾರ್ಥಿಗಳನ್ನು ಭಾರತಕ್ಕೆ ಕಳಿಸಬೇಡಿ ಎಂದು ತಮ್ಮ ಸರ್ಕಾರಗಳಿಗೆ ಶಿಫಾರಸು ಮಾಡಬೇಕಾಗುತ್ತದೆ ಎಂದೂ ಎಚ್ಚರಿಸಿದರು. 2017ರ ಮಾರ್ಚ್‌ನಲ್ಲಿ ಗ್ರೇಟರ್ ನೋಯ್ಡಾದ ಮಾಲ್‌ನಲ್ಲಿ ನೈಜೀರಿಯಾದ ವಿದ್ಯಾರ್ಥಿಗಳನ್ನು ಕುರ್ಚಿಗಳಿಂದ ಬಡಿದಾಗ ನೈಜೀರಿಯಾದ ರಾಜಧಾನಿ ಅಬುಜಾದಲ್ಲಿ ನಮ್ಮ ಹೈಕಮಿಷನರ್ ಅವರನ್ನು ಕರೆಸಿ ಕೇಳಿದರು. ದೆಹಲಿಯ ಆಫ್ರಿಕನ್ ರಾಯಭಾರಿಗಳು ಈ ದಾಳಿಗಳು ಪರದೇಶಿ ದ್ವೇಷದವು, ಜನಾಂಗೀಯವಾದವು ಎಂದು ಬರೆದು, ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ ಸ್ವತಂತ್ರ ತನಿಖೆ ನಡೆಸಲಿ ಎಂದು ಕೇಳಿದರು. ನಮ್ಮ ವಿದೇಶಾಂಗ ಸಚಿವಾಲಯಕ್ಕೆ ಬೇಸರವಾಯಿತು. ರಾಯಭಾರಿಗಳು ಬರೆದದ್ದಕ್ಕೆ ಆದ ಬೇಸರವದು.

ಈ ಸರ್ಕಾರಗಳಿಗೆ ಬಾಯಿ ಇಲ್ಲ ಎಂದುಕೊಳ್ಳಬೇಡಿ. 2019ರ ಸೆಪ್ಟೆಂಬರಿನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ವಲಸಿಗರ ಅಂಗಡಿಗಳಿಗೆ ಬೆಂಕಿ ಬಿದ್ದಾಗ ನೈಜೀರಿಯಾ ಕೇಪ್‌ಟೌನಿನ ಆರ್ಥಿಕ ಸಮ್ಮೇಳನದಿಂದ ಹಿಂದೆ ಸರಿಯಿತು, ತನ್ನವರು ವಿಮಾನದಲ್ಲಿ ಮನೆಗೆ ಮರಳುವ ಏರ್ಪಾಟು ಮಾಡಿತು. ದಕ್ಷಿಣ ಆಫ್ರಿಕಾದ ಅಧ್ಯಕ್ಷ ರಾಮಫೋಸಾ ವಿಶೇಷ ದೂತರನ್ನು ಅಬುಜಾಕ್ಕೆ ಕಳಿಸಿ ಕ್ಷಮೆ ಕೇಳಿದರು. ಅಲ್ಲಿ ಇದು ನಿಂತುಹೋಯಿತು ಎಂದಲ್ಲ. ಆದರೆ ತಪ್ಪಾಯಿತು ಎಂಬ ಮಾತಾದರೂ ಬಂತು.

ಬೆಂಗಳೂರಿನಲ್ಲಿ ಮತ್ತೆ 2021ರ ಆಗಸ್ಟ್ ಬಂತು. ಜೆ.ಸಿ. ನಗರ ಠಾಣೆಯ ವಶದಲ್ಲಿದ್ದ ಕಾಂಗೋದ ಯುವಕ ಸತ್ತ. ಠಾಣೆಯ ಮುಂದೆ ಪ್ರತಿಭಟನೆಗೆ ಕೂತವರ ಮೇಲೆ ಲಾಠಿ ಬೀಸಲಾಯಿತು. ತನಿಖೆ ಸಿಐಡಿಗೆ ಹೋಯಿತು. ಇಲ್ಲಿ ಕಾನ್ಸುಲರ್ ಸಂಬಂಧಗಳ ಕುರಿತ ಅಂತರರಾಷ್ಟ್ರೀಯ ವಿಯೆನ್ನಾ ಒಪ್ಪಂದದ ಮಾತು ಬರುತ್ತದೆ. 36ನೇ ವಿಧಿ: ವಿದೇಶಿಯನ್ನು ಬಂಧಿಸಿದರೆ, ಆತ ಬಯಸಿದರೆ, ತಡಮಾಡದೆ ಅವನ ದೇಶದ ಕಚೇರಿಗೆ ತಿಳಿಸಬೇಕು. 37: ಸತ್ತರೂ ತಡಮಾಡದೆ ತಿಳಿಸಬೇಕು. ಪಾಕಿಸ್ತಾನ ಬಂಧಿಸಿದ ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ನಾವು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ, 2019ರ ಜುಲೈ 17ರಂದು ಪಾಕಿಸ್ತಾನದ ಮೇಲೆ ಗೆದ್ದದ್ದು ಇದೇ 36ನೇ ವಿಧಿ ಹಿಡಿದು. ಹೇಗ್‌ನಲ್ಲಿ ನಮಗೆ ಬೇಕಾದ ವಿಧಿ ಜೆ.ಸಿ. ನಗರದಲ್ಲೂ ಸೋಲದೇವನಹಳ್ಳಿಯಲ್ಲೂ ಗೋಡೆಯ ಮೇಲೆ ಇರಬೇಕು. ರಾಯಭಾರ ಕಚೇರಿಗಳು ಬಹುಪಾಲು ದೆಹಲಿಯಲ್ಲಿವೆ. ಅವುಗಳ ಫೋನು, ಇಮೇಲ್ ಪಟ್ಟಿ ಠಾಣಾಧಿಕಾರಿಯ ಮೇಜಿನ ಗಾಜಿನ ಕೆಳಗೆ ಇದ್ದರೆ ಸಾಕು.

ನಮ್ಮವರೂ ಹೊರಗೆ ಇದ್ದಾರೆ ಎಂಬುದು ನಿಮ್ಮ ಸರ್ಕಾರಕ್ಕೆ ಮರೆತಿರಲಾರದು. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಯುದ್ಧ ಹತ್ತಿದಾಗ ಕರ್ನಾಟಕದ 31 ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಬಿದ್ದಿದ್ದಾರೆ ಎಂದು ಸಿದ್ದರಾಮಯ್ಯನವರೇ ದೆಹಲಿಗೆ ಮೊರೆ ಇಟ್ಟರು. ಗಿಡಮೂಲಿಕೆ ಮಾರಲು ಹೋದ ಬಡವರು. ಯಾರ ವೀಸಾ ಎಷ್ಟು ದಿನದ್ದು ಎಂದು ಅಂದು ಯಾರೂ ಮೊದಲು ಕೇಳಲಿಲ್ಲ, ಕೇಳಬಾರದಿತ್ತು ಕೂಡ. ಜೀವ ಮೊದಲು ಎಂದೆವು. ಅದೇ ಸುಡಾನಿನ ಹುಡುಗ ಇಲ್ಲಿ ಠಾಣೆಗೆ ಬಂದರೆ ಪಾಸ್‌ಪೋರ್ಟ್ ಮೊದಲು.

ಇನ್ನೊಂದು ಮಾತು, ಸ್ವಲ್ಪ ಆಚೆಯದು. ಪೊಲೀಸ್ ಪ್ರಕಟಣೆಯಲ್ಲೂ ಟಿವಿಯಲ್ಲೂ ಕಪ್ಪು ಬಣ್ಣದವರೆಲ್ಲ ‘ನೈಜೀರಿಯಾ ಪ್ರಜೆ’. ಉಗಾಂಡಾದವಳೂ ನೈಜೀರಿಯಾ, ಕಾಂಗೋದವನೂ ನೈಜೀರಿಯಾ. ಯಲ್ಲಾಪುರ, ಹಳಿಯಾಳ, ಮುಂಡಗೋಡದ, ಆಫ್ರಿಕಾ ಮೂಲದ ಸಿದ್ದಿಗಳು ಬೆಂಗಳೂರಿನ ಬಸ್ಸು ಹತ್ತಿದರೆ ಅವರನ್ನು ಯಾವ ದೇಶಕ್ಕೆ ಸೇರಿಸುತ್ತೀರೋ. 2020ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡ ಶಾಂತಾರಾಮ ಸಿದ್ದಿಯವರು ಅದೇ ಸಮುದಾಯದವರು.

ಹಾಗಾಗಿ ಸುತ್ತೋಲೆ ಹೊರಡಿಸಿ. ಅದರಲ್ಲಿ ಇಷ್ಟು ಇರಲಿ: ದೂರು ಮೊದಲು, ವೀಸಾ ಆಮೇಲೆ. ಅದೇ ದಿನ ಎಫ್‌ಐಆರ್ ಪ್ರತಿ ಕೈಗೆ. ದೂರುದಾರರು ಒಪ್ಪಿದರೆ ಅದೇ ದಿನ ಅವರ ರಾಯಭಾರ ಕಚೇರಿಗೆ ಮಾಹಿತಿ. ಸಾಕ್ಷಿಯ ವೀಸಾ ಮುಗಿಯುತ್ತಿದ್ದರೆ ವಿಸ್ತರಣೆ ಕೋರಿ ನೋಂದಣಿ ಕಚೇರಿಗೆ ತನಿಖಾಧಿಕಾರಿಯ ಪತ್ರ. ಐವರು ಅಥವಾ ಹೆಚ್ಚು ಜನ ಸೇರಿ ಜನಾಂಗದ ಕಾರಣಕ್ಕೆ ಕೊಂದರೆ ನ್ಯಾಯ ಸಂಹಿತೆಯ 103(2), ತೀವ್ರ ಗಾಯ ಮಾಡಿದರೆ 117(4) ಹಾಕಬೇಕು. ಬರೀ ‘ಗಲಾಟೆ’ ಎಂದು ಬರೆದು ಮುಗಿಸಬಾರದು. ಗುಂಪು ಹಲ್ಲೆ ತಡೆಯಲು ಪ್ರತಿ ಜಿಲ್ಲೆಗೂ ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ನೋಡಲ್ ಅಧಿಕಾರಿ ಇರಬೇಕೆಂದು 2018ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆ ಅಧಿಕಾರಿಯ ಹೆಸರು, ಫೋನ್ ನಂಬರನ್ನು ವಿದೇಶಿ ವಿದ್ಯಾರ್ಥಿಗಳಿರುವ ಪ್ರತಿ ಕಾಲೇಜಿನ ನೋಟಿಸ್ ಬೋರ್ಡಿಗೆ ಹಾಕಿಸಿ. ಹೆಣ್ಣುಮಗಳ ಬಟ್ಟೆ ಹರಿದಂಥ ದೂರು ಬರೆಯದ ಅಧಿಕಾರಿಯ ಮೇಲೆ 199ನೇ ಸೆಕ್ಷನ್.

ಮುಂದಿನ ಬಾರಿ ಯಾವ ಹೈಕಮಿಷನರೂ ಒಂದು ಎಫ್‌ಐಆರ್‌ಗಾಗಿ ದೆಹಲಿಯಿಂದ ವಿಮಾನ ಹತ್ತಿ ಬರುವಂತಾಗಬಾರದು. ದೂರು ಬರೆದುಕೊಳ್ಳಿ ಸ್ವಾಮಿ.

ಇಂತಿ,
ಬೆಂಗಳೂರಿನ ನಾಗರಿಕರು

ಪ್ರತಿ: ಪೊಲೀಸ್ ಮಹಾನಿರ್ದೇಶಕರಿಗೆ, ಬೆಂಗಳೂರು ನಗರ ಪೊಲೀಸ್ ಕಮಿಷನರ್ ಅವರಿಗೆ, ಸೋಲದೇವನಹಳ್ಳಿ ಠಾಣೆಯ ಇನ್‌ಸ್ಪೆಕ್ಟರ್ ಅವರಿಗೆ, ಠಾಣೆಯ ನೋಟಿಸ್ ಬೋರ್ಡಿಗೆ ಅಂಟಿಸಲು.