ಮಾಳಿಗೆಯ ಮೇಲಿನ ಆಂಟೆನಾ: ಅಳಿಯನಿಗೊಂದು ಪತ್ರ

ಬೀದರ್
ಭಾನುವಾರ ರಾತ್ರಿ

ಚಿರಂಜೀವಿ ತಮ್ಮನಿಗೆ ಮಾವನ ಆಶೀರ್ವಾದಗಳು.

ರಜೆ ಮುಗಿಸಿ ನೀನು ಕಲಬುರಗಿಗೆ ಹೋಗಿ ಎಂಟು ದಿನ ಆಯಿತು. ಮಾಳಿಗೆಯ ಮೇಲೆ ನೀನು ಕಟ್ಟಿದ್ದ ಆಂಟೆನಾವನ್ನು ನಿನ್ನೆ ಇಳಿಸಿದೆ. ಮಂಗ ಬಂದು ಅರ್ಧ ಬಗ್ಗಿಸಿತ್ತು. ಇಳಿಸುವಾಗ ನೀರಿನ ಟಾಕಿಯ ಹಿಂದೆ ನಿನ್ನ ನೋಟ್‌ಬುಕ್ ಸಿಕ್ಕಿತು, ನಮ್ಮೂರಿನ ವಾಯುಪಡೆ ತರಬೇತಿ ನೆಲೆಯ ವಿಮಾನಗಳ ರೇಡಿಯೊ ಮಾತು ಕದ್ದು ಕೇಳಿ ಬರೆದದ್ದು. ಓದಬಾರದಿತ್ತು, ಓದಿದೆ. ಫೋನಿನಲ್ಲಿ ಹೇಳಿದರೆ ನೀನು ‘ಹೂಂ ಮಾವ, ಹೂಂ ಮಾವ’ ಅನ್ನುತ್ತೀಯ, ನನಗೆ ಸಿಟ್ಟು ಬರುತ್ತದೆ. ಅದಕ್ಕೇ ಈ ಪತ್ರ.

ಮೊದಲು ಹೊಗಳಿಬಿಡುತ್ತೇನೆ, ಆಮೇಲೆ ಬೈಯಲು ಹಗುರಾಗುತ್ತದೆ. ನಿನ್ನ ಬೆಸುಗೆ ಚೆನ್ನಾಗಿದೆ. ಕೇಬಲ್ಲಿನ ತುದಿಗೆ ನೀರು ಇಳಿಯದ ಹಾಗೆ ಟೇಪ್ ಸುತ್ತಿದ್ದೀಯ. ನಲವತ್ತು ವರ್ಷ ಚೌಬಾರದ ಹತ್ತಿರ ರೇಡಿಯೊ ರಿಪೇರಿ ಅಂಗಡಿ ಇಟ್ಟವನಿಗೆ ಇಂಥದ್ದು ಮೊದಲು ಕಣ್ಣಿಗೆ ಬೀಳುತ್ತದೆ. ಆ ಹೆಬ್ಬೆಟ್ಟಿನಷ್ಟು ಡಾಂಗಲ್ ನೋಡಿ ನನಗೆ ಹೊಟ್ಟೆಕಿಚ್ಚೂ ಆಯಿತು. ಕಂಪ್ಯೂಟರಿನಲ್ಲಿ ಟಿವಿ ನೋಡಲಿ ಎಂದು ಮಾಡಿದ ಅಗ್ಗದ ಸಾಮಾನು ಅದು. 2012ರ ಸುಮಾರಿಗೆ ಹವ್ಯಾಸಿಗಳು ಅದರೊಳಗಿನ ಚಿಪ್‌ನಿಂದ ಬೇರೆ ಕೆಲಸ ತೆಗೆಯಬಹುದು ಎಂದು ಕಂಡುಕೊಂಡರು. 24 ಮೆಗಾಹರ್ಟ್ಸ್‌ನಿಂದ 1,700 ದಾಟುವವರೆಗೆ ಏನು ಬಂದರೂ ಹಿಡಿಯುತ್ತದೆ. ನನ್ನ ಕಾಲದಲ್ಲಿ ಅಷ್ಟು ಹಿಡಿಯಲು ಒಂದು ಅಲ್ಮಾರಿ ತುಂಬ ಸೆಟ್ಟು ಬೇಕಿತ್ತು.

ಆ ರಾತ್ರಿ ನೀನು ಒಂದು ಒಳ್ಳೆ ಪ್ರಶ್ನೆ ಕೇಳಿದ್ದೆ. ಎಫ್‌ಎಂ ಇಷ್ಟು ಸ್ವಚ್ಛ ಇರುವಾಗ ವಿಮಾನದವರು ಇನ್ನೂ ಹಳೆಯ ಎಎಂ ಪದ್ಧತಿ ಯಾಕೆ ಬಳಸುತ್ತಾರೆ ಎಂದು. ನಿನ್ನ ಅತ್ತೆ ಊಟಕ್ಕೆ ಕರೆದಳು, ಉತ್ತರ ಅರ್ಧಕ್ಕೇ ನಿಂತಿತು. ಪೂರ್ತಿ ಈಗ ಕೇಳು. ಎಫ್‌ಎಂನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಜೋರಾದ ಸಿಗ್ನಲ್ ಇನ್ನೊಂದನ್ನು ನುಂಗಿಬಿಡುತ್ತದೆ. ಕೇಳುವವನಿಗೆ ಇನ್ನೊಬ್ಬ ಇದ್ದದ್ದೇ ಗೊತ್ತಾಗುವುದಿಲ್ಲ. ಎಎಂನಲ್ಲಿ ಹಾಗಲ್ಲ. ಎರಡೂ ಸೇರಿ ಕೀಂ ಎಂದು ಕಿರುಚುತ್ತವೆ. ಕಿವಿಗೆ ಹಿಂಸೆಯೇ, ಆದರೆ ಅಡಿಯಲ್ಲಿ ಇನ್ನೊಬ್ಬ ಇದ್ದಾನೆ ಎಂದು ಟವರಿನವನಿಗೆ ತಿಳಿಯುತ್ತದೆ. ಆ ಇನ್ನೊಬ್ಬನೇ ಕಷ್ಟದಲ್ಲಿದ್ದರೆ? ಅದಕ್ಕೇ ಪ್ರಯಾಣಿಕರ ವಿಮಾನಗಳು 118ರಿಂದ 137 ಮೆಗಾಹರ್ಟ್ಸ್‌ನಲ್ಲಿ ಇವತ್ತಿಗೂ ಎಎಂನಲ್ಲೇ ಮಾತಾಡುತ್ತವೆ. ಮಿಲಿಟರಿಯವರ ಪಟ್ಟಿ ಬಹಳ ಕಡೆ 225ರಿಂದ 400ರವರೆಗೆ. ಆಪತ್ತಿಗೆ ಎಂದೇ 121.5 ಇಟ್ಟಿದ್ದಾರೆ. ಮಿಲಿಟರಿಯವರದು 243, ಸರಿಯಾಗಿ ಅದರ ಎರಡರಷ್ಟು.

ಮೂವತ್ತು ಸಾವಿರ ಅಡಿ ಎತ್ತರದಲ್ಲಿರುವ ವಿಮಾನದ ದನಿ ಸುಮಾರು 390 ಕಿಲೋಮೀಟರ್ ದೂರದವರೆಗೂ ಕೇಳಿಸಬಹುದು. ಕೆಳಗಿನ ಟವರಿನದು ಹತ್ತಿರ ಇದ್ದವರಿಗೆ ಮಾತ್ರ. ಅಂದರೆ ಮಾಳಿಗೆಯ ಮೇಲೆ ಕೂತವನಿಗೆ ಸಿಗುವುದು ಹೆಚ್ಚಾಗಿ ಅರ್ಧ ಮಾತು. ಈ ‘ಅರ್ಧ ಮಾತು’ ನೆನಪಿಟ್ಟುಕೋ, ಮತ್ತೆ ಬರುತ್ತೇನೆ.

ಈಗ ನೋಟ್‌ಬುಕ್. ಹನ್ನೊಂದು ದಿನ. ಪ್ರತಿ ಹಾಳೆಯಲ್ಲಿ ಗಂಟೆ, ನಿಮಿಷ, ಯಾವ ಕರೆಹೆಸರು (ರೇಡಿಯೊದಲ್ಲಿ ಹೇಳಿಕೊಳ್ಳುವ ಗುರುತಿನ ಹೆಸರು), ಎಷ್ಟು ವಿಮಾನ, ಯಾವ ಕಡೆ ಹೋದವು, ಎಷ್ಟು ಹೊತ್ತಿಗೆ ಇಳಿದವು. ಅಕ್ಷರ ಮುತ್ತಿನ ಹಾಗೆ. ಪರೀಕ್ಷೆಯಲ್ಲೂ ಹೀಗೆ ಬರೆದಿದ್ದರೆ ನಿಮ್ಮಮ್ಮ ಹಬ್ಬ ಮಾಡುತ್ತಿದ್ದಳು. ಒಂದು ಕಡೆ ‘ಗ್ರೂಪಿಗೆ ಹಾಕಿದೆ’ ಎಂದು ಬರೆದು ಗೆರೆ ಎಳೆದಿದ್ದೀಯ. ಅದನ್ನು ನೋಡಿ ನಾನು ಅಲ್ಲೇ ಕೂತುಬಿಟ್ಟೆ.

ಒಂದೊಂದೇ ಸಾಲು ನೋಡಿದರೆ ಏನೂ ಇಲ್ಲ, ಒಪ್ಪುತ್ತೇನೆ. ಚಿದ್ರಿ ಕಡೆ ಹಾಲು ಹಾಕುವವನಿಗೂ ವಿಮಾನ ಎಷ್ಟು ಹೊತ್ತಿಗೆ ಏಳುತ್ತದೆ ಎಂದು ಗೊತ್ತು. ಹಾಕ್ ತರಬೇತಿ ವಿಮಾನಗಳು 2008ರಲ್ಲಿ ಇಲ್ಲಿ ವಿಧ್ಯುಕ್ತವಾಗಿ ವಾಯುಪಡೆಗೆ ಸೇರಿದ್ದು ಪೇಪರಿನಲ್ಲಿ ಬಂದಿದೆ. ಆಕಾಶದಲ್ಲಿ ಕಸರತ್ತು ಮಾಡುವ ವಾಯುಪಡೆಯ ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದೇ ನಮ್ಮ ಬೀದರಿನಲ್ಲಿ ಎಂದು ಶಾಲೆ ಮಕ್ಕಳೂ ಹೇಳುತ್ತಾರೆ. ಅದೇ ರನ್‌ವೇ ಮೇಲೆ 2020ರಿಂದ ಪ್ರಯಾಣಿಕರ ವಿಮಾನವೂ ಇಳಿದಿದೆ. ಆದರೆ ಹನ್ನೊಂದು ದಿನದ ಸಾಲುಗಳನ್ನು ಒಂದರ ಕೆಳಗೆ ಒಂದು ಇಟ್ಟರೆ ಅದು ಟೈಮ್‌ಟೇಬಲ್ ಆಗುತ್ತದೆ. ಹಾಲಿನವನು ಟೈಮ್‌ಟೇಬಲ್ ಬರೆಯುವುದಿಲ್ಲ. ಬರೆದರೂ ಯಾರ ಕೈಗೆ ಸಿಗುತ್ತದೋ ಗೊತ್ತಿಲ್ಲದ ಜಾಗದಲ್ಲಿ ಹಾಕುವುದಿಲ್ಲ.

ಕೇಳಿಸಿಕೊಂಡ ಒಂದು ಮಾತಿನ ಬೆಲೆ ಎಷ್ಟು ಎಂದು ನಮ್ಮ ದೇಶಕ್ಕೆ ಚೆನ್ನಾಗಿ ಗೊತ್ತು. 1971ರ ಡಿಸೆಂಬರ್ 14. ಢಾಕಾದ ಗವರ್ನರ್ ಬಂಗಲೆಯಲ್ಲಿ ದೊಡ್ಡ ಸಭೆ ಇದೆ ಎಂಬ ರೇಡಿಯೊ ಸಂದೇಶ ನಮ್ಮವರ ಕಿವಿಗೆ ಬಿತ್ತು. ಸ್ವಲ್ಪ ಹೊತ್ತಿಗೇ ಮಿಗ್-21ಗಳು ಹೋಗಿ ಆ ಬಂಗಲೆಯ ಮೇಲೆ ದಾಳಿ ಮಾಡಿದವು. ಗವರ್ನರ್ ಅಲ್ಲೇ ರಾಜೀನಾಮೆ ಬರೆದ. ಎರಡು ದಿನಕ್ಕೆ ಯುದ್ಧ ಮುಗಿಯಿತು. ಅಂದು ಕೇಳಿದವರು ನಾವು. ಇನ್ನೊಂದು ದಿನ ಇನ್ನೊಬ್ಬರು ಕೇಳುತ್ತಿರುತ್ತಾರೆ, ಅಲ್ವಾ?

ನಮ್ಮ ಚೌಬಾರವನ್ನೇ ನೋಡು, ಹಳೆಯ ಕಾವಲು ಗೋಪುರ. 71 ಅಡಿ ಎತ್ತರ, ಒಳಗೆ ಸುತ್ತುವ 80 ಮೆಟ್ಟಿಲು. ಕಾವಲಿನವನು ಮೇಲೆ ನಿಂತರೆ ಇಡೀ ಬಯಲು ಕಾಣುತ್ತಿತ್ತು. ಕಂಡದ್ದನ್ನೆಲ್ಲ ಅವನು ಕೆಳಗಿಳಿದು ಸಂತೆಯಲ್ಲಿ ಹೇಳುತ್ತಿದ್ದನೇ?

ಇಷ್ಟು ಹೇಳುವ ನಾನೇನು ಸಾಚಾ ಅಲ್ಲ. ನಿಮ್ಮಮ್ಮನಿಗೂ ಹೇಳದ ಒಂದು ಸಂಗತಿ ಹೇಳುತ್ತೇನೆ.

1985ರ ಸುಮಾರು. ಅಂಗಡಿ ಇಟ್ಟು ಎರಡು ವರ್ಷ ಆಗಿತ್ತು. ದುಬೈಯಿಂದ ಬಂದವರೊಬ್ಬರು ರೇಡಿಯೊ, ಕ್ಯಾಸೆಟ್ ಎರಡೂ ಇರುವ ಟೂ-ಇನ್-ಒನ್ ರಿಪೇರಿಗೆ ಕೊಟ್ಟರು. ಡಯಲ್ ಮೇಲೆ ಮೀಡಿಯಂ ವೇವ್, ಶಾರ್ಟ್ ವೇವ್ ಜೊತೆ ‘ಏರ್’ ಎಂದು ಇನ್ನೊಂದು ಪಟ್ಟಿ. ರಿಪೇರಿ ಅರ್ಧ ತಾಸಿನ ಕೆಲಸ. ಆದರೆ ನಾನು ‘ಪಾರ್ಟು ಹೈದರಾಬಾದಿನಿಂದ ಬರಬೇಕು’ ಎಂದು ಸುಳ್ಳು ಹೇಳಿ ಹದಿನೈದು ದಿನ ಇಟ್ಟುಕೊಂಡೆ. ಗಿರಾಕಿ ಇಲ್ಲದಾಗ ಷಟರ್ ಅರ್ಧ ಇಳಿಸಿ ಕೇಳುವುದು. ಎಂಥ ಖುಷಿ ಅಂತೀಯ! ತಲೆಯ ಮೇಲೆ ಹಾರುತ್ತಿರುವ ಹುಡುಗ ನನ್ನ ಕಿವಿಯಲ್ಲಿ ಮಾತಾಡುತ್ತಿದ್ದಾನೆ. ಮೂರಕ್ಕೆ ‘ಟ್ರೀ’, ಒಂಬತ್ತಕ್ಕೆ ‘ನೈನರ್’ ಅನ್ನುತ್ತಿದ್ದಾನೆ. ಗದ್ದಲದಲ್ಲೂ ಅಂಕಿ ತಪ್ಪಾಗಿ ಕೇಳಬಾರದು ಎಂದು ಹಾಗೆ ಅನ್ನುತ್ತಾರೆ ಎಂದು ಆಮೇಲೆ ತಿಳಿಯಿತು.

ಒಂದು ಮಧ್ಯಾಹ್ನ ‘ಎಂಜಿನ್ ಫೇಲ್ಯೂರ್’ ಎಂಬ ಎರಡು ಪದ ಸ್ಪಷ್ಟವಾಗಿ ಕೇಳಿಸಿತು. ಅಷ್ಟರಲ್ಲಿ ಕರೆಂಟ್ ಹೋಯಿತು. ಬಂದಾಗ ಬರೀ ಗೊರ ಗೊರ. ನನಗೆ ಕೈಕಾಲು ಆಡಲಿಲ್ಲ. ಎದುರಿನ ಚಹಾ ಹೋಟೆಲ್ಲಿಗೆ ಹೋಗಿ ಇಬ್ಬರಿಗೆ ಹೇಳಿದೆ. ಇಬ್ಬರಿಗೆ ಮಾತ್ರ. ನಾಲ್ಕು ಗಂಟೆ ಹೊತ್ತಿಗೆ ಹುಮನಾಬಾದ್ ಕಡೆ ವಿಮಾನ ಬಿದ್ದಿದೆ, ಹೊಲದಲ್ಲಿ ಹೊಗೆ ಕಂಡಿದ್ದಾರೆ ಎಂದು ಊರೆಲ್ಲ ಸುದ್ದಿ.

ಐದಕ್ಕೆ ಒಬ್ಬ ಹೆಣ್ಣುಮಗಳು ಅಂಗಡಿಗೆ ಬಂದಳು. ಕಂಕುಳಲ್ಲಿ ಕೂಸು. ಹಾರುವುದನ್ನು ಕಲಿಸುವ ಅಧಿಕಾರಿಯ ಹೆಂಡತಿ. ಕ್ವಾರ್ಟರ್ಸ್ ಸಿಗದೆ ಊರೊಳಗೆ ಬಾಡಿಗೆಗೆ ಇದ್ದರು. ಅಳುತ್ತಿರಲಿಲ್ಲ. ‘ನೀವು ಏನು ಕೇಳಿದಿರಿ?’ ಎಂದು ಹಿಂದಿಯಲ್ಲಿ ಒಂದೇ ಪ್ರಶ್ನೆ. ನನ್ನ ಹತ್ತಿರ ಇದ್ದದ್ದು ಎರಡು ಪದ. ಅವುಗಳ ಹಿಂದೆ ಏನಿತ್ತು, ಮುಂದೆ ಏನಿತ್ತು, ಯಾರ ದನಿ, ಒಂದೂ ಗೊತ್ತಿಲ್ಲ. ಅವಳು ಬಾಗಿಲಲ್ಲೇ ನಿಂತಿದ್ದಳು. ನಾನು ಸ್ಟೂಲು ಕೊಡಲೂ ಮರೆತೆ.

ಕತ್ತಲಾಗುವ ಮೊದಲು ಅವಳ ಗಂಡ ಸ್ಕೂಟರ್ ಮೇಲೆ ಬಂದ. ಬೈಯಲಿಲ್ಲ. ‘ಆ ಎರಡು ಪದದ ಮೊದಲು ಇನ್ನೊಂದು ಪದ ಇತ್ತು, ಪ್ರಾಕ್ಟೀಸ್’ ಎಂದ. ಕಲಿಯುವ ಹುಡುಗರಿಗೆ ಎಂಜಿನ್ ನಿಂತಂತೆ ಮಾಡಿ ಇಳಿಸುವುದು ದಿನದ ಪಾಠವಂತೆ. ಕಲಿಸುವ ಬೇಸ್‌ನಲ್ಲಿ ಆಪತ್ತಿನ ಮಾತು ಕೇಳಿಸಿದರೆ ಅದು ಪಾಠವೇ ಆಗಿರುವುದು ಜಾಸ್ತಿ. ಬೈದಿದ್ದರೆ ನಾನು ಮರೆತುಬಿಡುತ್ತಿದ್ದೆನೇನೋ. ಮರುದಿನ ಬೆಳಿಗ್ಗೆ ಆ ಸೆಟ್ಟನ್ನು ಮಾಲೀಕರಿಗೆ ಮುಟ್ಟಿಸಿದೆ, ಮಜೂರಿ ತೆಗೆದುಕೊಳ್ಳಲಿಲ್ಲ. ಅಂದಿನಿಂದ ವಿಮಾನದ ಮಾತಿಗೆ ಕಿವಿ ಕೊಟ್ಟಿಲ್ಲ.

‘ಅಮೆರಿಕದಲ್ಲಿ ಎಲ್ಲರೂ ಕೇಳುತ್ತಾರೆ, ವಿಡಿಯೊ ಹಾಕುತ್ತಾರೆ’ ಎಂದು ನೀನು ಅನ್ನುತ್ತೀಯ. ಹೌದು, ಅಲ್ಲಿ ಗುಪ್ತಲಿಪಿ ಇಲ್ಲದ ವಿಮಾನದ ಮಾತು ಕೇಳಲು ಕಾನೂನು ಬಿಡುತ್ತದೆ. ಬ್ರಿಟನ್ನಿನಲ್ಲಿ ಏರ್ ಶೋಗೆ ಸ್ಕ್ಯಾನರ್ ಹಿಡಿದು ಹೋಗುವವರು ಬೇಕಾದಷ್ಟು, ಆದರೆ ಅಲ್ಲಿಯ 2006ರ ಕಾಯ್ದೆ ಅದನ್ನು ಒಪ್ಪುವುದಿಲ್ಲ. ನಮ್ಮಲ್ಲಂತೂ ಅನುಮಾನವೇ ಬೇಡ. ನಾನು ಚಿಕ್ಕವನಿದ್ದಾಗ ಹಾಡು ಕೇಳುವ ರೇಡಿಯೊಗೂ ಪೋಸ್ಟ್ ಆಫೀಸಿನಲ್ಲಿ ವರ್ಷವರ್ಷ ಲೈಸೆನ್ಸ್ ಕಟ್ಟಬೇಕಿತ್ತು. 1980ರ ದಶಕದಲ್ಲಿ ಅದು ಹೋಯಿತು. ಹೋದದ್ದು ಹಾಡಿನ ಲೈಸೆನ್ಸ್ ಮಾತ್ರ. ಬೇರೆಯವರ ಸಂದೇಶವನ್ನು ಅಕ್ರಮವಾಗಿ ಹಿಡಿದರೆ 2023ರ ಟೆಲಿಕಾಂ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲು, 2 ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ. ವಾಯುಪಡೆಯ ವಿಷಯ ಎಂದ ಮೇಲೆ 1923ರ ಅಧಿಕೃತ ರಹಸ್ಯ ಕಾಯ್ದೆಯೂ ಹಿಂದೆಯೇ ಬರುತ್ತದೆ. 2025ರ ಮೇ ತಿಂಗಳಲ್ಲಿ ಲೈಸೆನ್ಸ್ ವಿಷಯ ಹೇಳದೆ ವಾಕಿ-ಟಾಕಿ ಮಾರುತ್ತಿದ್ದ ಆನ್‌ಲೈನ್ ಅಂಗಡಿಗಳಿಗೇ ನೋಟಿಸ್ ಹೋಯಿತು. ನೀನು ಯಾವ ಲೆಕ್ಕ?

‘ಮುಚ್ಚಿಡಬೇಕಾದ್ದನ್ನು ಅವರು ಗುಪ್ತಲಿಪಿಯಲ್ಲಿ ಮಾತಾಡುತ್ತಾರೆ, ತೆರೆದಿದ್ದನ್ನು ಕೇಳಿದರೆ ಏನಾಯಿತು’ ಎಂದೂ ಅನ್ನಬಹುದು. ನಮ್ಮ ಗಲ್ಲಿಯ ಮನೆಗಳಿಗೆ ನಡುವೆ ಒಂದೇ ಗೋಡೆ. ಪಕ್ಕದ ಮನೆಯ ಜಗಳ ನಮಗೆ ಅಕ್ಷರ ಅಕ್ಷರ ಕೇಳಿಸುತ್ತದೆ. ನಿನ್ನ ಅಜ್ಜಿ ಎಪ್ಪತ್ತು ವರ್ಷ ಆ ಗೋಡೆಯ ಈಚೆ ಬದುಕಿದಳು. ಆಚೆಯ ಮಾತು ಅವಳ ಬಾಯಿಂದ ಒಮ್ಮೆಯೂ ಹೊರಬೀಳಲಿಲ್ಲ. ಗೋಡೆಗೆ ಕಿವಿ ಹಚ್ಚಿ ಕೂತವಳೂ ಅಲ್ಲ.

ಹಾಗಂತ ರೇಡಿಯೊ ಬಿಡು ಎನ್ನುವುದಿಲ್ಲ. ಬಿಟ್ಟರೆ ನನಗೇ ಬೇಜಾರು. ‘ನಮ್ಮನ್ನು ಕೇಳಿರಪ್ಪಾ’ ಎಂದು ಕೂಗುತ್ತಿರುವ ದನಿಗಳು ಆಕಾಶದ ತುಂಬ ಇವೆ. ಶಾರ್ಟ್ ವೇವ್‌ನಲ್ಲಿ ದೂರದ ಸ್ಟೇಷನ್ ಹಿಡಿದು, ಇಷ್ಟು ಗಂಟೆಗೆ ಇಷ್ಟು ಸ್ಪಷ್ಟವಾಗಿ ಕೇಳಿಸಿತು ಎಂದು ಬರೆದರೆ ಅವರೇ ಖುಷಿಯಿಂದ ಕಾರ್ಡ್ ಕಳಿಸುತ್ತಾರೆ. ನನ್ನ ಟ್ರಂಕಿನಲ್ಲಿ ಅಂಥವು ನಲವತ್ತು ಇವೆ. ನಿನ್ನ ಮುತ್ತಿನಂಥ ಅಕ್ಷರಕ್ಕೆ ಅದು ತಕ್ಕ ಕೆಲಸ.

ಅದಕ್ಕಿಂತ ಒಳ್ಳೆಯದು ಹ್ಯಾಮ್ ಲೈಸೆನ್ಸ್, ಅಂದರೆ ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವವರ ಲೈಸೆನ್ಸ್. ಹನ್ನೆರಡು ವರ್ಷ ತುಂಬಿದವರು ಯಾರು ಬೇಕಾದರೂ ಪರೀಕ್ಷೆ ಬರೆಯಬಹುದು, ನಿನಗೆ ಹತ್ತೊಂಬತ್ತು. ರೇಡಿಯೊ ಹೇಗೆ ಕೆಲಸ ಮಾಡುತ್ತದೆ, ನಿಯಮ ಏನು, ಇಷ್ಟನ್ನು ಕೇಳುತ್ತಾರೆ. ದೊಡ್ಡ ದರ್ಜೆಗೆ ಮಾತ್ರ ಮೋರ್ಸ್, ಅಂದರೆ ಚುಕ್ಕಿ-ಗೆರೆಯ ಸಂಕೇತ ಬೇಕು. ಅದನ್ನು ನಾನು ಕಲಿಸುತ್ತೇನೆ, ಬೆರಳು ಇನ್ನೂ ಮರೆತಿಲ್ಲ. ಪಾಸಾದರೆ ವಿಯು ಎಂದು ಶುರುವಾಗುವ ನಿನ್ನದೇ ಕರೆಹೆಸರು. ಬೇರೆಯವರ ಕರೆಹೆಸರು ಗೀಚುತ್ತಾ ಕೂರುವ ಬದಲು ನಿನ್ನದನ್ನು ಇನ್ನೊಬ್ಬರು ಬರೆದುಕೊಳ್ಳಲಿ. 2004ರ ಸುನಾಮಿಯಲ್ಲಿ ಅಂಡಮಾನಿನ ಫೋನೆಲ್ಲ ಸತ್ತಾಗ, ಪೋರ್ಟ್ ಬ್ಲೇರ್‌ಗೆ ಹವ್ಯಾಸಕ್ಕೆಂದು ಹೋಗಿದ್ದ ಭಾರತಿ ಪ್ರಸಾದ್ ಎಂಬ ಹ್ಯಾಮ್ ತಮ್ಮ ಸೆಟ್ಟಿನಿಂದಲೇ ಸುದ್ದಿ ಮುಟ್ಟಿಸಿದರು. ಅವರೂ ಆಕಾಶದಲ್ಲಿ ಕೇಳಿದ್ದನ್ನು ಬರೆದುಕೊಂಡವರೇ. ಯಾರಿಗೆ ಮುಟ್ಟಿಸಬೇಕೋ ಅವರಿಗೆ ಮುಟ್ಟಿಸಿದರು.

ನಿನ್ನ ನೋಟ್‌ಬುಕ್ಕಿನ ಕೊನೆಯ ನಾಲ್ಕು ಹಾಳೆ ನೋಡಿದಾಗ ನನಗೆ ಸಮಾಧಾನ ಆಯಿತು. ಬಾಹ್ಯಾಕಾಶ ನಿಲ್ದಾಣದ ಸಿಗ್ನಲ್ ಹಿಡಿಯಲು ಆಂಟೆನಾ ಚಿತ್ರ ಬರೆದಿದ್ದೀಯ. 145.800 ಮೆಗಾಹರ್ಟ್ಸ್, ಅಲ್ಲಿಯವರು ಹ್ಯಾಮ್‌ಗಳಿಗೆ ಎಂದೇ ಮಾತು, ಕೆಲವೊಮ್ಮೆ ಚಿತ್ರ ಕಳಿಸುವ ಜಾಗ. ಅದು ನಮ್ಮ ಕಡೆ ಬರುವಾಗ ಸಿಗ್ನಲ್ ಮೂರೂವರೆ ಕಿಲೋಹರ್ಟ್ಸ್‌ನಷ್ಟು ಮೇಲೆ ಇರುತ್ತದೆ, ದಾಟಿ ಹೋಗುವಾಗ ಅಷ್ಟೇ ಕೆಳಗೆ. ರೈಲಿನ ಸೀಟಿ ಬದಲಾಗುತ್ತದಲ್ಲ, ಹಾಗೆಯೇ. ನೀನು ಟ್ಯೂನ್ ಮಾಡುತ್ತಾ ಹಿಂದೆ ಓಡಬೇಕು. ಬಹಳ ಮಜಾ.

ಈಗ ಮಾಡಬೇಕಾದ್ದು ಇಷ್ಟು. ಆ ಗ್ರೂಪಿನಲ್ಲಿ ಹಾಕಿದ್ದನ್ನು ಇವತ್ತೇ ಅಳಿಸು. ಯಾರಾದರೂ ಉಳಿಸಿಕೊಂಡಿದ್ದರೆ ಅವರಿಗೂ ಹೇಳು. ನಾಚಿಕೆ ಆದರೆ ಆಗಲಿ, ನಾಚಿಕೆಯಿಂದ ಯಾರೂ ಸತ್ತಿಲ್ಲ. ಎಳ್ಳಾಮಾಸಿಗೆ ರೈಲಿನಲ್ಲಿ ಬಂದುಬಿಡು. ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ ಸಜ್ಜಿರೊಟ್ಟಿ ತಿನ್ನೋಣ. ಅಷ್ಟೊತ್ತಿಗೆ ಮೇಲೆ ಕೆಂಪು-ಬಿಳಿ ವಿಮಾನಗಳು ಬಂದರೆ ಕತ್ತೆತ್ತಿ ನೋಡೋಣ, ಅದಕ್ಕೆ ಯಾವ ಲೈಸೆನ್ಸೂ ಬೇಡ.

ಹನ್ನೊಂದು ದಿನದ ಹಾಳೆಗಳನ್ನು ನಾನು ಸುಟ್ಟಿಲ್ಲ. ಬರೆದವನು ನೀನು, ನೀನೇ ಬಂದು ಒಲೆಗೆ ಹಾಕು. ಕೊನೆಯ ನಾಲ್ಕನ್ನು ಮಾತ್ರ ಬೇರೆ ಎತ್ತಿಟ್ಟಿದ್ದೇನೆ. ಅದರಲ್ಲಿ ಒಂದು ತಪ್ಪಿದೆ. ಅಲೆಯ ಉದ್ದದ ಕಾಲು ಭಾಗದ ಆಂಟೆನಾ ಕಡ್ಡಿ ಸುಮಾರು 49 ಸೆಂಟಿಮೀಟರ್ ಬರಬೇಕು, ನೀನು 94 ಬರೆದಿದ್ದೀಯ. ತಂತಿ ಕತ್ತರಿಸುವ ಮೊದಲು ನೋಡಿಕೋ. ತಾಮ್ರದ ಕಡ್ಡಿ ನನ್ನ ಹತ್ತಿರ ಇದೆ, ಕೊಳ್ಳಬೇಡ.

ಇಂತಿ,
ನಿನ್ನ ಮಾವ