ಲೈಬ್ರರಿ ತೋರಿಸಿದ್ರೆ ಸಾಲದು, ಹುಡುಕೋದು ಕಲಿಸಿ

ಮಾನ್ಯ ಸಂಪಾದಕರೇ,

ನಾನು ಶಿವಮೊಗ್ಗ ಜಿಲ್ಲೆಯ ಒಂದು ಡಿಗ್ರಿ ಕಾಲೇಜಲ್ಲಿ ಇತಿಹಾಸ ಪಾಠ ಮಾಡೋಳು. ಹೋದ ತಿಂಗಳು ನನ್ನ ಹಳೇ ಸ್ಟೂಡೆಂಟ್ ಒಬ್ಳು ಮನೆಗೆ ಬಂದಿದ್ಲು, ಸೊರಬದ ಕಡೆ ಹುಡುಗಿ, ಈಗ ಯೂನಿವರ್ಸಿಟೀಲಿ ಎಂಎ ಕೊನೇ ಸೆಮಿಸ್ಟರ್, ತಮ್ಮೂರಿನ ಕೆರೆ ಬಗ್ಗೇನೇ ಪ್ರಾಜೆಕ್ಟ್ ತಗೊಂಡಿದೀನಿ ಮೇಡಂ ಅಂದಾಗ ನಂಗೆ ತುಂಬಾ ಖುಷಿ ಆಯ್ತು. ಆದ್ರೆ ಬ್ಯಾಗಿಂದ ತೆಗೆದು ಕೊಟ್ಟ ಗ್ರಂಥಋಣದ ಪಟ್ಟಿ ನೋಡಿದ ಮೇಲೆ ಆ ಖುಷಿ ಉಳೀಲಿಲ್ಲ. ಹದಿನಾಲ್ಕು ಪುಸ್ತಕ, ಲೇಖಕರ ಹೆಸರು, ಪ್ರಕಾಶಕರು, ಇಸವಿ, ಪುಟ ಸಂಖ್ಯೆ ಎಲ್ಲ ನೀಟಾಗಿ ಟೈಪ್ ಆಗಿದೆ, ಒಂದೊಂದಾಗಿ ಹುಡುಕ್ತಾ ಹೋದ್ವಿ, ಒಂಬತ್ತು ಪುಸ್ತಕ ಯಾವ ಲೈಬ್ರರಿಯ ಕ್ಯಾಟಲಾಗಲ್ಲೂ ಇಲ್ಲ. ಫೋನಲ್ಲಿ ಎಐ ಹತ್ರ ಕೇಳಿದ್ದಂತೆ, ಅದು ಕೊಟ್ಟಿದ್ದನ್ನ ಹಾಗೇ ಇಳಿಸಿಕೊಂಡಿದಾಳೆ. "ಲೈಬ್ರರೀಲೂ ಹುಡುಕಿದೆ ಮೇಡಂ, ಕಂಪ್ಯೂಟರಲ್ಲಿ ಹೊಡೆದ್ರೆ ಏನೂ ಬರಲಿಲ್ಲ" ಅಂತ ತಲೆ ತಗ್ಗಿಸಿ ಕೂತ್ಲು. ಅವಳಿಗೆ ಬೈಯ್ಯೋಕೆ ನಂಗೆ ಮನಸ್ಸು ಬರಲಿಲ್ಲ, ಯಾಕಂದ್ರೆ ಹುಡುಕೋದು ಹೇಗೆ ಅಂತ ಅವಳಿಗೆ ಯಾರೂ ಹೇಳಿಕೊಟ್ಟೇ ಇಲ್ಲ.

ಏನಂತ ಹೊಡೆದೆ ಅಂತ ಕೇಳಿದೆ. ಇಂಗ್ಲಿಷಲ್ಲಿ ಲೇಕ್, ಶಿವಮೊಗ್ಗ ಅಂತ ಹಾಕಿದಾಳೆ. ನಮ್ಮ ಕೆರೆಗಳಿಗೆ ಹಳೇ ಇಂಗ್ಲಿಷ್ ದಾಖಲೆಗಳಲ್ಲಿ ಲೇಕ್ ಅಂತ ಬರೆಯೋದು ಕಮ್ಮಿ, ಗೆಜೆಟಿಯರ್ ಇರಲಿ, ರೆವಿನ್ಯೂ ವರದಿ ಇರಲಿ ಟ್ಯಾಂಕ್ ಅಂತಾನೇ ಇರೋದು. ಇನ್ನು ಊರಿನ ಹೆಸರು. ಸರ್ಕಾರಿ ಕಾಗದದಲ್ಲಿ ಇಂಗ್ಲಿಷಿನ ಶಿಮೊಗ ಹೋಗಿ ಶಿವಮೊಗ್ಗ ಬಂದಿದ್ದು 2014ರ ನವೆಂಬರಲ್ಲಿ, ಅಂದ್ರೆ ಅದಕ್ಕಿಂತ ಹಿಂದೆ ಇಂಗ್ಲಿಷಲ್ಲಿ ಪ್ರಿಂಟ್ ಆದ ಪುಸ್ತಕಗಳು ಹೆಚ್ಚುಕಮ್ಮಿ ಎಲ್ಲ ಹಳೇ ಸ್ಪೆಲಿಂಗಲ್ಲೇ ಕೂತಿವೆ, ಹೊಸ ಸ್ಪೆಲಿಂಗ್ ಹಾಕಿದ್ರೆ ಸಿಗೋದು ಹೇಗೆ. ಲ್ಯಾಪ್‌ಟಾಪ್ ತೆಗೆದು ಪಕ್ಕದಲ್ಲಿ ಕೂರಿಸ್ಕೊಂಡು ಎರಡೂ ಸ್ಪೆಲಿಂಗ್ ಹಾಕಿಸಿದೆ, ಟ್ಯಾಂಕ್ ಅಂತ ಹಾಕಿಸಿದೆ, ಎರಡು ಪದ ಜೊತೆಗೇ ಬರಬೇಕು ಅಂದ್ರೆ ಉದ್ಧರಣ ಚಿಹ್ನೆ ಒಳಗೆ ಹಾಕಬೇಕು ಅಂತ ತೋರಿಸಿದೆ, ಸಾಲು ಸಾಲು ಬರೋಕೆ ಶುರುವಾಯ್ತು. ಆಮೇಲೆ ಎಪಿಗ್ರಾಫಿಯಾ ಕರ್ನಾಟಿಕಾ, ಅಂದ್ರೆ ನಮ್ಮ ನಾಡಿನ ಶಾಸನಗಳನ್ನ ಅಚ್ಚು ಹಾಕಿರೋ ಸಂಪುಟಗಳು. ಅದನ್ನ ಶುರು ಮಾಡಿದ ಬಿ. ಎಲ್. ರೈಸ್ ಅವರ ಕಾಲದ ಆ ಸಂಪುಟಗಳು ಜಿಲ್ಲೆ, ತಾಲೂಕು ಪ್ರಕಾರ ಇವೆ, ಸೊರಬದ್ದು 8ನೇ ಸಂಪುಟದಲ್ಲಿ, 1904ರದ್ದು, ಸ್ಕ್ಯಾನ್ ಪ್ರತಿ ಇಂಟರ್ನೆಟ್ ಆರ್ಕೈವಲ್ಲಿ ಕಾಸಿಲ್ಲದೆ ಸಿಗುತ್ತೆ, ಶಾಸನದ ಮೂಲ ಪಾಠದ ಜೊತೆಗೆ ಇಂಗ್ಲಿಷ್ ಅನುವಾದಾನೂ ಇದೆ. ಹಳೇ ಶಾಸನದಲ್ಲಿ ಕೆರೆ ಅನ್ನೋದು ಕೆಱೆ ಅಂತ ಇರುತ್ತೆ ಕಣಮ್ಮ, ಈಗಿನ ರ ಹಾಕಿ ಹುಡುಕಿದ್ರೆ ಕಣ್ಣಿಗೆ ಬೀಳಲ್ಲ ಅಂದಾಗ ಆ ಹುಡುಗಿ ಮುಖ ನೋಡಬೇಕಿತ್ತು. ಐದು ವರ್ಷ ಇತಿಹಾಸ ಓದಿದಾಳೆ, ಆ ಸಂಪುಟದ ಹೆಸರು ಪರೀಕ್ಷೇಲಿ ಎರಡು ಮಾರ್ಕಿಗೆ ಬರೆದಿದಾಳೆ, ಅದನ್ನ ತೆರೆದು ನೋಡಿದ್ದು ಅವತ್ತೇ ಮೊದಲು.

ಇದೆಲ್ಲ ನಾನು ಕಲಿತಿದ್ದು ಯಾವ ಕ್ಲಾಸಲ್ಲೂ ಅಲ್ಲ. ಎಂಫಿಲ್ ಮಾಡುವಾಗ ರೆಫರೆನ್ಸ್ ಸೆಕ್ಷನ್ನಲ್ಲಿ ಒಬ್ಬರು ಅಸಿಸ್ಟೆಂಟ್ ಲೈಬ್ರರಿಯನ್ ಇದ್ರು, ಏನು ಕೇಳಿದ್ರೂ ಪುಸ್ತಕ ತಂದು ಕೊಡ್ತಿರಲಿಲ್ಲ, "ಬನ್ನಿ ಹುಡುಕೋಣ" ಅಂತ ಎದ್ದು ನಮ್ಮ ಜೊತೆ ರ್‍ಯಾಕಿಗೆ ಬರೋರು. ಅವರ ಕೈಲಿ ಕಲಿತವರು ನಾವು ಎಷ್ಟು ಜನ ಇದೀವೋ. ಆದ್ರೆ ಅದು ಅವರ ಒಳ್ಳೇತನ, ಯೂನಿವರ್ಸಿಟಿ ಮಾಡಿದ ವ್ಯವಸ್ಥೆ ಅಲ್ಲ, ಅವರು ರಿಟೈರ್ ಆದ್ರು, ಅದೂ ಅವರ ಜೊತೆಗೇ ಹೋಯ್ತು.

ಈಗ ಹೆಚ್ಚಿನ ಕಡೆ ನಡೆಯೋದು ಏನು ಅಂದ್ರೆ ಅಡ್ಮಿಷನ್ ಆದ ಮೊದಲ ವಾರ ಲೈಬ್ರರಿ ಓರಿಯೆಂಟೇಷನ್. ನೂರು ಮಕ್ಕಳನ್ನ ಒಟ್ಟಿಗೆ ಕರ್ಕೊಂಡು ಹೋಗಿ ಇದು ಸ್ಟ್ಯಾಕ್ ರೂಮು, ಇದು ಪೀರಿಯಾಡಿಕಲ್ ಸೆಕ್ಷನ್, ಬ್ಯಾಗ್ ಇಲ್ಲಿ ಇಡಿ, ಕಾರ್ಡಿಗೆ ಎರಡು ಪುಸ್ತಕ, ಲೇಟಾದ್ರೆ ಫೈನ್, ಮುಕ್ಕಾಲು ಗಂಟೇಲಿ ಮುಗೀತು. ಆ ದಿನ ಆ ಮಕ್ಕಳ ತಲೇಲಿ ಯಾವ ಪ್ರಶ್ನೇನೂ ಇರಲ್ಲ, ಹಾಸ್ಟೆಲ್ ಸಿಗುತ್ತಾ, ಬಸ್ ಪಾಸ್ ಯಾವಾಗ ಅನ್ನೋದೇ ಯೋಚನೆ. ನಿಜವಾದ ಪ್ರಶ್ನೆ ಹುಟ್ಟೋದು ಸಿನಾಪ್ಸಿಸ್, ಅಂದ್ರೆ ಪ್ರಾಜೆಕ್ಟಿನ ರೂಪರೇಖೆ ಬರೆಯೋಕೆ ಕೂತಾಗ, ಆಗ ಯಾರೂ ಲೈಬ್ರರಿ ಕಡೆ ಕರ್ಕೊಂಡು ಹೋಗಲ್ಲ. ಪ್ರಾಜೆಕ್ಟ್ ಮುಗಿದ ಮೇಲೆ ಮತ್ತೆ ಹೋಗೋದು ನೋ ಡ್ಯೂ ಸರ್ಟಿಫಿಕೇಟಿಗೆ. ಪಿಎಚ್‌ಡಿಯವರು ಹೋಗೋದು ಪ್ಲೇಜಿಯರಿಸಂ, ಅಂದ್ರೆ ಕೃತಿಚೌರ್ಯದ ರಿಪೋರ್ಟಿಗೆ, ಯುಜಿಸಿಯ 2018ರ ನಿಯಮದಲ್ಲಿ 10 ಪರ್ಸೆಂಟ್ ತನಕ ಹೋಲಿಕೆಗೆ ದಂಡ ಇಲ್ಲ ಅಂತ ಇದೆಯಲ್ಲ, ಅದನ್ನ ಹಿಡ್ಕೊಂಡು ಮಕ್ಕಳು ಪದ ಬದಲಾಯಿಸಿ ಬದಲಾಯಿಸಿ ಪರ್ಸೆಂಟೇಜ್ ಇಳಿಸೋದು ಕಲೀತಾರೆ, ಇನ್ನೊಬ್ಬರ ಮಾತನ್ನ ಎಲ್ಲಿಂದ ತಗೊಂಡೆ ಅಂತ ಮರ್ಯಾದೆಯಿಂದ ಹೇಳೋದನ್ನ ಕಲಿಯಲ್ಲ. ಇದು ನಂಗೆ ತುಂಬಾ ನೋವಿನ ವಿಷಯ.

ಪಿಎಚ್‌ಡಿ ಸೇರಿದವರಿಗೆ ಯುಜಿಸಿ ರಿಸರ್ಚ್ ಅಂಡ್ ಪಬ್ಲಿಕೇಷನ್ ಎಥಿಕ್ಸ್ ಅಂತ 2 ಕ್ರೆಡಿಟ್ ಪೇಪರ್ ಕಡ್ಡಾಯ ಮಾಡಿದೆ, ಡೇಟಾಬೇಸ್ ಬಳಸೋದು, ದುಡ್ಡು ತಗೊಂಡು ಏನನ್ನಾದ್ರೂ ಛಾಪಿಸೋ ಜರ್ನಲ್ ಗುರುತಿಸೋದು ಎಲ್ಲ ಅದರಲ್ಲಿದೆ, ಒಳ್ಳೇದೇ. ಆದ್ರೆ ಪಿಎಚ್‌ಡಿ ತನಕ ಬರೋರು ಎಷ್ಟು ಜನ? ಬಿಎ, ಬಿಕಾಂ, ಎಂಎ ಮುಗಿಸಿ ಸ್ಕೂಲ್ ಮೇಷ್ಟ್ರಾಗೋರು, ಪಂಚಾಯ್ತಿ ಆಫೀಸಲ್ಲಿ ಕೂರೋರು, ನಿಮ್ಮ ಪತ್ರಿಕೆಗೇ ವರದಿಗಾರರಾಗಿ ಬರೋರು, ಅವರಿಗೆ ಬೇಡ್ವಾ?

ದುಡ್ಡಿಲ್ಲ ಅಂತ ಹೇಳೋ ಹಾಗೂ ಇಲ್ಲ. ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಅಂತ ಜರ್ನಲ್ಲುಗಳಿಗೆ ದೇಶಕ್ಕೆಲ್ಲ ಒಂದೇ ಚಂದಾ ಕಟ್ಟೋ ಯೋಜನೆ ಇದೆ, ಅದಕ್ಕೆ ಕೇಂದ್ರ ಸರ್ಕಾರ 2024ರ ನವೆಂಬರಲ್ಲಿ 3 ವರ್ಷಕ್ಕೆ 6,000 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು, 30 ಪ್ರಕಾಶಕರ ಸುಮಾರು 13,000 ಜರ್ನಲ್, ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳ ಮಕ್ಕಳಿಗೆ 2025ರಿಂದ ತೆರೆದಿದೆ. ನಮ್ಮ ಹುಡುಗಿ ಅದರ ಹೆಸರೇ ಕೇಳಿರಲಿಲ್ಲ. ಗುಜರಾತಿನ ಗಾಂಧಿನಗರದಲ್ಲಿರೋ, ಯೂನಿವರ್ಸಿಟಿ ಲೈಬ್ರರಿಗಳನ್ನ ಜೋಡಿಸೋ ಸಂಸ್ಥೆ ಇನ್‌ಫ್ಲಿಬ್‌ನೆಟ್ ನಡೆಸೋ ಶೋಧಗಂಗಾದಲ್ಲಿ ದೇಶದ ಪಿಎಚ್‌ಡಿ ಥೀಸಿಸ್‌ಗಳು ಪುಕ್ಕಟೆ ಓದೋಕೆ ಸಿಗುತ್ತೆ ಅನ್ನೋದೂ ಗೊತ್ತಿರಲಿಲ್ಲ.

ಕನ್ನಡದಲ್ಲಿ ಓದೋ ಮಕ್ಕಳಿಗಂತೂ ಇನ್ನೊಂದು ತೊಡಕಿದೆ, ಇದರ ಬಗ್ಗೆ ಯಾರೂ ಮಾತಾಡಲ್ಲ. ನಮ್ಮಲ್ಲಿ ಎಷ್ಟೋ ಥೀಸಿಸ್, ಲೇಖನ ನುಡಿ, ಬರಹ ಅನ್ನೋ ಟೈಪಿಂಗ್ ತಂತ್ರಾಂಶಗಳ ಹಳೇ ಫಾಂಟಲ್ಲಿ ಟೈಪ್ ಆಗಿವೆ, ಎಲ್ಲ ಕಂಪ್ಯೂಟರಿಗೂ ಅರ್ಥ ಆಗೋ ಯೂನಿಕೋಡ್ ಅಲ್ಲ. ಕಣ್ಣಿಗೆ ಕನ್ನಡವೇ, ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿದ್ರೆ ಇಂಗ್ಲಿಷ್ ಅಕ್ಷರ, ಚುಕ್ಕೆ, ಗೀಟು ಎಲ್ಲ ಕಲಸಿಕೊಂಡು ಬರುತ್ತೆ, ಕಂಪ್ಯೂಟರಿಗೆ ಅದು ಕನ್ನಡ ಅಂತಾನೇ ಗೊತ್ತಾಗಲ್ಲ, ಹಾಗಾಗಿ ಕನ್ನಡ ಪದ ಹಾಕಿ ಎಷ್ಟು ಹುಡುಕಿದ್ರೂ ಆ ಫೈಲ್ ಒಳಗಿನ ಮಾತು ಸಿಗಲ್ಲ. ಬರೀ ಫೋಟೋ ಥರ ಸ್ಕ್ಯಾನ್ ಮಾಡಿಟ್ಟ ಪುಸ್ತಕಗಳ ಕಥೇನೂ ಅದೇ. ಏನೂ ಬರಲಿಲ್ಲ ಅಂದ್ರೆ ಏನೂ ಇಲ್ಲ ಅಂತ ಅರ್ಥ ಅಲ್ಲ, ಆಗ ಇಂಗ್ಲಿಷಲ್ಲಿ ಕೊಟ್ಟ ಶೀರ್ಷಿಕೆ ಹುಡುಕಬೇಕು, ವಿಭಾಗದ ಹೆಸರು, ಗೈಡ್ ಹೆಸರು ಹಿಡಿದು ಹೋಗಬೇಕು, ಪರಿವಿಡಿ ತೆಗೆದು ಓದಬೇಕು. ಇದನ್ನ ಹೊರಗಿನ ಯಾವ ಕಂಪನಿ ಟ್ರೈನರ್ ಬಂದು ಹೇಳಿಕೊಡ್ತಾನೆ? ಅವರು ತಮ್ಮ ಡೇಟಾಬೇಸ್ ಬಗ್ಗೆ ಇಂಗ್ಲಿಷಲ್ಲಿ ಹೇಳಿ ಹೋಗ್ತಾರೆ ಅಷ್ಟೇ. ಹೇಳಿಕೊಡೋಕೆ ಆಗೋದು ನಮ್ಮ ಲೈಬ್ರರಿಯನ್‌ಗಳಿಗೇ, ಅವರಿಗೆ ಗೊತ್ತಿದೆ, ಕೇಳೋರಿಲ್ಲ.

ಓದುಗರ ಸಮಯ ಉಳಿಸಿ ಅಂತ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಲ್ಲೇ ಗ್ರಂಥಾಲಯದ ಐದು ಸೂತ್ರಗಳಲ್ಲಿ ಒಂದನ್ನಾಗಿ ಬರೆದರು, ಬೆಂಗಳೂರಲ್ಲೇ ನೆಲೆಸಿ 1962ರಲ್ಲಿ ಗ್ರಂಥಾಲಯ ವಿಜ್ಞಾನದ ತರಬೇತಿ, ಸಂಶೋಧನಾ ಕೇಂದ್ರ ಡಿಆರ್‌ಟಿಸಿ ಕಟ್ಟಿದರು. ಅಂಥವರು ಇದ್ದ ರಾಜ್ಯ ಇದು. ಇಲ್ಲಿ ಎಂಎ ಹುಡುಗಿ ಇಲ್ಲದ ಪುಸ್ತಕ ಹುಡುಕ್ತಾ ಮೂರು ವಾರ ಕಳೆದಿದಾಳೆ.

ಕುಲಪತಿಗಳಿಗೆ, ಬೋರ್ಡ್ ಆಫ್ ಸ್ಟಡೀಸಿನವರಿಗೆ ನನ್ನ ವಿನಂತಿ ದೊಡ್ಡದೇನಲ್ಲ. ಮೊದಲ ವಾರದ ಓರಿಯೆಂಟೇಷನ್ ಇರಲಿ, ಅದರ ಜೊತೆಗೆ ಸಿನಾಪ್ಸಿಸ್ ಕೊಡೋ ತಿಂಗಳು ಪ್ರತಿ ವಿಭಾಗಕ್ಕೂ ಲೈಬ್ರರೀಲಿ ನಾಲ್ಕು ಕ್ಲಾಸ್ ಟೈಮ್‌ಟೇಬಲ್ಲಿಗೆ ಹಾಕಿ, ಹದಿನೈದು ಇಪ್ಪತ್ತು ಮಕ್ಕಳು ಅವರವರ ವಿಷಯ ತಗೊಂಡು ಕೂರಲಿ, ಕನ್ನಡದಲ್ಲಿ ನಡೀಲಿ, ಲೈಬ್ರರಿಯನ್ ಮತ್ತೆ ವಿಷಯದ ಮೇಷ್ಟ್ರು ಇಬ್ಬರೂ ಇರಲಿ. ಇಂಟರ್ನಲ್ಸಲ್ಲಿ ಐದು ಮಾರ್ಕ್ ಗ್ರಂಥಋಣಕ್ಕೆ ಇಡಿ, ಪಟ್ಟಿ ಉದ್ದಕ್ಕಲ್ಲ, ಒಂದು ಪುಸ್ತಕ ತೋರಿಸಿ ಇದು ಹೇಗೆ ಸಿಕ್ತು, ಇದನ್ನ ಯಾಕೆ ನಂಬಿದೆ ಅಂತ ವೈವಾದಲ್ಲಿ ಕೇಳಿ. ಎಐ ಬಳಸಬೇಡಿ ಅಂತ ಗದರೋದು ಬಿಟ್ಟು, ಅದು ಕೊಟ್ಟ ಹೆಸರನ್ನ ಕ್ಯಾಟಲಾಗಲ್ಲಿ ಇದೆಯಾ ಅಂತ ಮಕ್ಕಳ ಕೈಲೇ ಅಲ್ಲೇ ಚೆಕ್ ಮಾಡಿಸಿ. ಖಾಲಿ ಬಿದ್ದಿರೋ ಲೈಬ್ರರಿಯನ್ ಹುದ್ದೆ ತುಂಬಿ ಅಂತ ಬೇರೆ ಹೇಳಬೇಕಾ. ಪೀರಿಯಡ್ ಎಲ್ಲಿದೆ ಅಂತ ಕೇಳಿದ್ರೆ, ನಮ್ಮ ಕಾಲೇಜಲ್ಲಿ ನನ್ನ ಇತಿಹಾಸದ ಪೀರಿಯಡ್ಡಲ್ಲೇ ನಾಲ್ಕು ಬಿಟ್ಟುಕೊಡ್ತೀನಿ ಅಂತ ಪ್ರಿನ್ಸಿಪಾಲರಿಗೆ ಆಗಲೇ ಬರೆದು ಕೊಟ್ಟಿದೀನಿ.

ಇಂತಿ,
ಇತಿಹಾಸ ಉಪನ್ಯಾಸಕಿ,
ಶಿವಮೊಗ್ಗ ಜಿಲ್ಲೆ