ಗ್ರಂಥಾಲಯ ಮೇಲ್ವಿಚಾರಕರಿಗೆ ತರಬೇತಿ ಸಿಗಲಿ

ಮಾನ್ಯರೇ,

ನಮ್ಮೂರಿನ ಗ್ರಾಮ ಪಂಚಾಯಿತಿ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಮೊನ್ನೆ ಎಸ್ಸೆಸ್ಸೆಲ್ಸಿ ಹುಡುಗಿಯೊಬ್ಬಳು ಗಣಿತದ ಗೈಡ್ ಕೇಳಿಕೊಂಡು ಬಂದಳು. ಗೈಡ್ ಇರಲಿಲ್ಲ. ಮೇಲ್ವಿಚಾರಕಿ ಅವಳನ್ನು ಕಂಪ್ಯೂಟರ್ ಮುಂದೆ ಕೂರಿಸಿ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ ತಾಣದ ಕನ್ನಡ ಪುಟ ತೆರೆದರು. ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶದಲ್ಲಿ ತ್ರಿಭುಜದ ಮೂಲೆ ಎಳೆದಂತೆಲ್ಲ ಕೋನಗಳು ಬದಲಾದರೂ ಮೊತ್ತ 180 ಡಿಗ್ರಿಯೇ ಉಳಿಯುವುದನ್ನು ಕಂಡು ಹುಡುಗಿ ಮತ್ತೆ ಮತ್ತೆ ಎಳೆದು ನೋಡಿದಳು.

ಡಿಎಸ್‌ಇಆರ್‌ಟಿ (ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ) ಮತ್ತು ಐಟಿ ಫಾರ್ ಚೇಂಜ್ ಎಂಬ ಸ್ವಯಂಸೇವಾ ಸಂಸ್ಥೆಯ ಸಹಯೋಗದಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರುಗಳೂ ಕೈಜೋಡಿಸಿ ಬೆಳೆಸಿದ ತಾಣವಿದು. ಕಾಸು ಕೊಡಬೇಕಿಲ್ಲ. ಇಂಥ ಮುಕ್ತ ಪಠ್ಯಗಳನ್ನು ಪರವಾನಗಿಯ ಷರತ್ತಿಗೆ ಒಳಪಟ್ಟು ಮುದ್ರಿಸಿ ಹಂಚಬಹುದು, ಊರಿಗೆ ತಕ್ಕಂತೆ ತಿದ್ದಿಕೊಳ್ಳಲೂಬಹುದು. ಆದರೆ ಹೀಗೊಂದು ಇದೆ ಎಂದು ಮಕ್ಕಳಿಗೆ ಹೇಳುವವರು ಬೇಕಲ್ಲ?

ಆ ಮೇಲ್ವಿಚಾರಕಿಗೆ ಇದನ್ನು ಯಾರೂ ಕಲಿಸಿರಲಿಲ್ಲ, ತಾವೇ ಹುಡುಕಿ ತಿಳಿದದ್ದು. ಅಂಥವರ ಶ್ರದ್ಧೆಯನ್ನೇ ನೆಚ್ಚಿ ಕೂರುವುದು ಸರಿಯಲ್ಲ. ಯಾವುದು ಮುಕ್ತ, ಯಾವುದು ಬರೀ ಉಚಿತ, ಯಾವ ತರಗತಿಗೆ ಯಾವುದು ಹೊಂದುತ್ತದೆ ಎಂದು ಆಯ್ದುಕೊಡುವ ತರಬೇತಿಯನ್ನು ಪಂಚಾಯತ್ ರಾಜ್ ಇಲಾಖೆ ಎಲ್ಲ ಮೇಲ್ವಿಚಾರಕರಿಗೂ ಕೊಡಿಸಲಿ. ಜೊತೆಗೆ ಕೇಂದ್ರಕ್ಕೊಂದು ಪ್ರಿಂಟರ್ ಬೇಕು. ಮನೆಯಲ್ಲಿ ಮೊಬೈಲ್ ಇಲ್ಲದ ಮಗು ಹಾಳೆಯನ್ನಾದರೂ ಒಯ್ಯಲಿ.

– ನಿವೃತ್ತ ಶಿಕ್ಷಕ, ತುಮಕೂರು ಜಿಲ್ಲೆ